ಟ್ಯೂಬಿನಲ್ಲಿ ಲೀಕ್ ಇರಲಿಲ್ಲ

ಮೊದಲ ಸಲ ಆಗಿದ್ದು ಶೃಂಗೇರಿಯಲ್ಲಿ. ನನ್ನ ಹೆಂಡತಿ ಸವಿತಾಳ ಅಕ್ಕನ ಮಗಳ ಸೀಮಂತ. ಎರಡನೇ ಪಂಕ್ತಿಗೆ ಸವಿತಾ ಹುಳಿ ಬಡಿಸುತ್ತಿದ್ದಳು. ಒಂದೊಂದು ಎಲೆಗೂ ಬಗ್ಗುವುದು, ಏಳುವುದು, ಮತ್ತೆ ಬಗ್ಗುವುದು. ನಾನು ಅದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದೆ. ನನ್ನ ಎಲೆಗೆ ಇನ್ನು ನಾಲ್ಕು ಎಲೆ ಇರುವಾಗ ಅವಳು ಹುಳಿಯ ಪಾತ್ರೆಯನ್ನು ನೆಲಕ್ಕೆ ಇಟ್ಟಳು. ಇಟ್ಟು ಸುಮ್ಮನೆ ನಿಂತಳು.

ಮುಖ ಬೆಳ್ಳಗಾಗಿತ್ತು.

ನಾನು ಎದ್ದು ಹೋಗುವಷ್ಟರಲ್ಲಿ ಅವಳ ಅಕ್ಕ ಕೈಹಿಡಿದು ಒಳಗೆ ಕೂರಿಸಿದ್ದರು. ರವಿಕೆ ಪೂರ್ತಿ ಒದ್ದೆ. ಕೈ ಮುಟ್ಟಿದರೆ ತಣ್ಣಗೆ. ಕುತ್ತಿಗೆಯ ಹತ್ತಿರ ನರ ಹಾರುವುದು ದೂರದಿಂದಲೇ ಕಾಣುತ್ತಿತ್ತು.

"ಎಂತಾಯ್ತೇ?" ಅಂತ ಅಕ್ಕ ಕೇಳಿದರು.

"ಎಂತ ಇಲ್ಲ ಮಾರಾಯ್ತಿ. ತಲೆ ಸಿಡೀತಿದೆ ಅಷ್ಟೇ."

"ಬಿಸಿ ಹುಳಿದು ಹಬೆ ಹೊಡೆದಿರತ್ತೆ. ಬೆಳಿಗ್ಗೆಯಿಂದ ಎಂತ ತಿಂದಿದೀಯ ನೀನು?"

ಇಪ್ಪತ್ತು ನಿಮಿಷದಲ್ಲಿ ಸರಿಯಾಯಿತು. ಮೂರನೇ ಪಂಕ್ತಿಯಲ್ಲಿ ಅವಳೂ ಊಟಕ್ಕೆ ಕೂತಳು. ಪಾಯಸ ಎರಡು ಸಲ ಹಾಕಿಸಿಕೊಂಡಳು. "ನೋಡಿ, ಹೊಟ್ಟೆಗೆ ಬೀಳ್ದೆ ಹಂಗಾಗಿತ್ತು" ಅಂದಳು. ನಾವು ಸಂಜೆಯ ಬಸ್ಸಿಗೆ ಜಯಪುರಕ್ಕೆ ಬಂದೆವು. ದಾರಿಯಲ್ಲಿ ಅದರ ಮಾತೇ ಬರಲಿಲ್ಲ.

ಸವಿತಾ ಹೋಗಿ ಐದು ತಿಂಗಳಾಯಿತು. ಇದನ್ನು ಬರೆಯಲು ಕೂತಿರುವುದು ಅಂಗಡಿಯ ಟೇಬಲ್ಲಿನಲ್ಲಿ. ನನಗೆ ಬರೆದು ಅಭ್ಯಾಸ ಇಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಒಂದು ವರ್ಷ ಐಟಿಐಗೆ ಹೋಗಿ ಬಿಟ್ಟವನು. ಮಿಕ್ಸಿ, ರೇಡಿಯೋ, ಸ್ಟೆಬಿಲೈಸರ್, ಟಾರ್ಚು, ಸ್ಪ್ರೇ ಪಂಪಿನ ಮೋಟಾರು ರಿಪೇರಿ ಮಾಡುತ್ತೇನೆ. ಅಂಗಡಿಯ ಹಿಂದಿನ ಎರಡು ಕೋಣೆಯೇ ನಮ್ಮ ಮನೆ. ಸವಿತಾ ಆಶಾ ಕಾರ್ಯಕರ್ತೆ. ಜಯಪುರದಿಂದ ಒಳಗೆ ಮೂರು ಊರು ಅವಳಿಗೆ ಸೇರಿದ್ದವು. ಮಗಳು ಚೈತ್ರ ಕೊಪ್ಪದಲ್ಲಿ ಪಿಯುಸಿ ಓದುತ್ತಿದ್ದಾಳೆ. ಇಷ್ಟೇ ನಾವು.

ಒಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಸವಿತಾಳಿಗೂ ಹೇಳಲಿಲ್ಲ. ಅದನ್ನು ಬಿಟ್ಟು ಬರೆದರೆ ಬರೆದೂ ಪ್ರಯೋಜನವಿಲ್ಲ.

ಶೃಂಗೇರಿಯ ನಂತರ ಒಂದು ತಿಂಗಳು ಏನೂ ಇರಲಿಲ್ಲ. ಆಮೇಲೆ ಬಟ್ಟೆ ಒಗೆಯುವಾಗ ಒಮ್ಮೆ. ಲಸಿಕೆಯ ಡಬ್ಬಿ ಎತ್ತಲು ಬಗ್ಗಿದಾಗ ಒಮ್ಮೆ. ನಂತರ ವಾರಕ್ಕೊಂದು, ವಾರಕ್ಕೆರಡು. ಬರುವುದೂ ಒಂದೇ ರೀತಿ, ಹೋಗುವುದೂ ಒಂದೇ ರೀತಿ. ಮೊದಲು ಎದೆ ಹೊಡೆದುಕೊಳ್ಳುವುದು, ಆಮೇಲೆ ತಲೆನೋವು, ಆಮೇಲೆ ಬೆವರು. ಹದಿನೈದು ಇಪ್ಪತ್ತು ನಿಮಿಷ. ಹೋದ ಮೇಲೆ ಸುಸ್ತಾಗಿ ಗೋಡೆಗೆ ಒರಗಿ ಕೂರುತ್ತಿದ್ದಳು. ಮತ್ತೆ ಎದ್ದು ಬ್ಯಾಗು ಹಾಕಿಕೊಂಡು ಹೊರಡುತ್ತಿದ್ದಳು.

ಅವಳಿಗೆ ನಲವತ್ತನಾಲ್ಕು. ಮುಟ್ಟು ನಿಲ್ಲುವ ಹೊತ್ತಿಗೆ ಹೀಗೇ ಬೆವರುತ್ತದೆ ಅಂತ ಹೆಂಗಸರೆಲ್ಲ ಹೇಳಿದರು. ಅವಳೂ ಅದನ್ನೇ ನಂಬಿದಳು. ಎಷ್ಟೋ ಜನಕ್ಕೆ ಅವಳೇ ಹಾಗೆ ಹೇಳಿ ಸಮಾಧಾನ ಮಾಡಿದ್ದಳು. ಗಂಡಸರು ಟೆನ್ಷನ್ ಅಂದರು. ಪಕ್ಕದ ಚಪ್ಪಲಿ ಅಂಗಡಿಯ ಹಮೀದಣ್ಣ ದಿನಾ ಅಂಗಡಿ ತೆರೆಯುವಾಗ ಕೂಗುತ್ತಿದ್ದರು.

"ಸವಿತಕ್ಕ, ಸರ್ವೆ ಗಿರ್ವೆ ಅಂತ ತಲೆ ಕೆಡಿಸ್ಕೊಳ್ಬೇಡಿ. ಟೆನ್ಷನ್ನಿಂದ ಬರದು ಇದೆಲ್ಲ."

"ನಂಗೆಂತ ಟೆನ್ಷನ್ ಹಮೀದಣ್ಣ? ಟೆನ್ಷನ್ ಇರದು ನಿಮ್ಗೆ. ಒಂದೇ ಕಾಲಿನ ಚಪ್ಪಲಿ ಮಳೆಗೆ ಕೊಚ್ಕೊಂಡು ಹೋಯ್ತು ಅಂತ ಎರಡು ದಿನ ಊಟ ಬಿಟ್ಟವರು ನೀವು."

ಅದು ನಿಜ. ಅವಳು ಟೆನ್ಷನ್ ಮಾಡಿಕೊಳ್ಳುವವಳಲ್ಲ. ಮೊಬೈಲಿನಲ್ಲಿ ಸರ್ವೆ ಹಾಕುವಾಗ ನೆಟ್‌ವರ್ಕ್ ಹೋದರೆ ಬೇರೆ ಆಶಾದವರು ಅತ್ತೇ ಬಿಡುತ್ತಿದ್ದರು. ಇವಳು ಒಂದು ಕಲ್ಲಿನ ಮೇಲೆ ಕೂತು ಪೇರಲೆ ತಿನ್ನುತ್ತಿದ್ದಳು. ಬಂದಾಗ ಬರಲಿ ಅಂತ. ಹನ್ನೊಂದು ವರ್ಷದ ಕೆಲಸದಲ್ಲಿ ಬಸುರಿಯೊಬ್ಬಳನ್ನು ಜೀಪಿನಲ್ಲಿ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಹೆರಿಗೆಯಾಗಿದೆ. ಆ ದಿನವೂ ಮನೆಗೆ ಬಂದವಳು ಕೈ ತೊಳೆದು ಊಟ ಮಾಡಿ ಮಲಗಿದ್ದಳು.

ಪಿಎಚ್‌ಸಿ ಡಾಕ್ಟರಿಗೆ ತೋರಿಸಿದೆವು. ರಕ್ತ ನೋಡಿದರು. ಥೈರಾಯಿಡ್ ನೋಡಿದರು. ಶುಗರ್ ಇರಲಿಲ್ಲ. ಬಿಪಿ ನೂರ ಇಪ್ಪತ್ತು, ಎಂಬತ್ತು. ನಾವು ಹೋಗುವಷ್ಟರಲ್ಲಿ ಯಾವಾಗಲೂ ಎಲ್ಲ ಇಳಿದಿರುತ್ತಿತ್ತು. ಡಾಕ್ಟರು ನೋಡಿದಾಗ ಇದ್ದದ್ದು ಆರೋಗ್ಯವಂತೆ. ಅವರ ತಪ್ಪು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ.

ತಪ್ಪು ನಮ್ಮ ಮನೆಯಲ್ಲಿತ್ತು.

ಮನೆಮನೆ ತಪಾಸಣೆಗೆ ಅಂತ ಸವಿತಾಳಿಗೆ ಒಂದು ಡಿಜಿಟಲ್ ಬಿಪಿ ಮೆಷಿನ್ ಕೊಟ್ಟಿದ್ದರು. ತೋಳಿಗೆ ಸುತ್ತುವ ಪಟ್ಟಿ, ಒಂದು ರಬ್ಬರ್ ಟ್ಯೂಬು, ಅಂಗೈ ಅಗಲದ ಡಬ್ಬಿ. ಅದನ್ನು ಬಳಸುವುದಕ್ಕೆ ಒಂದು ನಿಯಮ ಹೇಳಿಕೊಟ್ಟಿದ್ದರು. ಬಂದವರನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕು. ಮಾತಾಡಿಸಬಾರದು. ಆಮೇಲೆ ನೋಡಬೇಕು. ಸವಿತಾ ಅದನ್ನು ಬಹಳ ಕಟ್ಟುನಿಟ್ಟಾಗಿ ಮಾಡುತ್ತಿದ್ದಳು. ಗುಡ್ಡ ಹತ್ತಿ ಬಂದ ಅಜ್ಜಿಯಂದಿರು ಅರ್ಜೆಂಟು ಮಾಡಿದರೆ, "ಸುಮ್ನೆ ಕೂತ್ಕೊಳ್ಳಿ ಅಜ್ಜಿ, ಬಾಯಿ ಮುಚ್ಚಿದ್ರೆ ಬಿಪಿ ಅರ್ಧ ಇಳೀತದೆ" ಅನ್ನುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ. ಮಂಚದ ಅಡಿಯಿಂದ ಟ್ರಂಕ್ ಎಳೆಯಲು ಬಗ್ಗಿದ್ದಳು. ಬಂತು. ಮೆಷಿನ್ ಅಲ್ಲೇ ಇತ್ತು. ಕೂತಲ್ಲೇ ತೋಳಿಗೆ ಸುತ್ತಿ ಬಟನ್ ಒತ್ತಿದಳು. ಡಬ್ಬಿ ಗುಂಯ್ ಅಂತ ಗಾಳಿ ತುಂಬಿಸಿತು, ನಿಂತಿತು, ಮತ್ತೆ ತುಂಬಿಸಿತು.

ಇನ್ನೂರ ಮೂವತ್ತೆಂಟು, ನೂರ ಮೂವತ್ತಾರು.

ಅವಳು ಅದನ್ನು ನೋಡಿ, ಬೆವರು ಒರೆಸಿಕೊಂಡು, ನಕ್ಕಳು.

"ರೀ, ಬನ್ನಿ ಇಲ್ಲಿ. ನಿಮ್ಗೊಂದು ಕೆಲಸ ಬಂತು. ಮೆಷಿನ್ ಕೆಟ್ಟೋಯ್ತು."

ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದಳು. ನೂರ ಇಪ್ಪತ್ತೆರಡು, ಎಪ್ಪತ್ತೆಂಟು. ಹಾಗಾಗಿ ಕೆಟ್ಟಿದೆ ಅನ್ನುವುದು ಇಬ್ಬರಿಗೂ ಖಚಿತವಾಯಿತು. ಒಬ್ಬಳಿಗೇ ಒಂದೇ ಮಧ್ಯಾಹ್ನದಲ್ಲಿ ಅಷ್ಟು ವ್ಯತ್ಯಾಸ ಬರುವುದು ಹೇಗೆ?

ಸೋಮವಾರ ನಾನು ಅದನ್ನು ಬಿಚ್ಚಿದೆ. ಪಂಪು ಸರಿಯಿತ್ತು. ವಾಲ್ವ್ ಸರಿಯಿತ್ತು. ಸೆಲ್ ಹೊಸತು. ಬೆಸುಗೆ ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿದೆ. ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ ಗಾಳಿ ಬಿಟ್ಟು ಹಿಡಿದೆ. ಗುಳ್ಳೆ ಬರಲಿಲ್ಲ. ಒಂದು ಗುಳ್ಳೆಯೂ ಬರಲಿಲ್ಲ. ನನ್ನ ತೋಳಿಗೆ ಹಾಕಿ ನೋಡಿದೆ, ಸರಿ ತೋರಿಸಿತು. ಹಮೀದಣ್ಣನಿಗೆ ಹಾಕಿದೆ. ನೂರ ಐವತ್ತು ಬಂತು.

"ಇದು ಕೆಟ್ಟಿರದು ಖರೆ" ಅಂದರು ಹಮೀದಣ್ಣ. "ನಂಗೆ ಯಾವತ್ತೂ ನೂರ ನಲವತ್ತು ದಾಟಿಲ್ಲ."

ನಮ್ಮ ಕೆಲಸದಲ್ಲಿ ಅತಿ ಕಷ್ಟದ್ದು ಬಿಟ್ಟು ಬಿಟ್ಟು ಬರುವ ದೋಷ. ಗಿರಾಕಿಯ ಮನೆಯಲ್ಲಿ ನಿಂತುಹೋಗುವ ಮಿಕ್ಸಿ ಅಂಗಡಿಗೆ ತಂದ ಕೂಡಲೇ ಓಡುತ್ತದೆ. ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು, ಅಂಥದ್ದು ಬಂದರೆ ಮೊದಲು ಗಿರಾಕಿ ಹೇಳಿದ್ದನ್ನು ನಂಬು, ಯಾವಾಗ ಆಗುತ್ತದೆ, ಏನು ಮಾಡುವಾಗ ಆಗುತ್ತದೆ ಅಂತ ಕೇಳು ಅಂತ. ನಾನು ಎಷ್ಟೋ ಮಿಕ್ಸಿಗಳ ಬಗ್ಗೆ ಹಾಗೆ ಕೇಳಿದ್ದೇನೆ. ಆ ದಿನ ಕೇಳಲಿಲ್ಲ. ಮೆಷಿನ್‌ನ ದೋಷ ಹುಡುಕುತ್ತಿದ್ದೆ. ಬಿಟ್ಟು ಬಿಟ್ಟು ಬರುವುದು ಯಾವುದು ಅನ್ನುವುದು ತಲೆಗೆ ಹೋಗಲಿಲ್ಲ.

ಇನ್ನೊಂದು ಅಭ್ಯಾಸವೂ ಇದೆ. ದೋಷ ಸಿಗಲಿಲ್ಲ ಅಂತ ಹೇಳಿ ಸಾಮಾನು ವಾಪಸು ಕೊಡುವುದು ಯಾವ ರಿಪೇರಿಯವನಿಗೂ ಇಷ್ಟವಿಲ್ಲ. ಏನಾದರೂ ಬದಲಾಯಿಸಿ, ಇದು ಹೋಗಿತ್ತು ಅಂತ ಹೇಳಿ ಕೊಡುತ್ತೇವೆ. ನಾನು ಹೊಸ ಟ್ಯೂಬು ಹಾಕಿದೆ. ಡಬ್ಬಿಯ ಹಿಂದೆ ಸಣ್ಣ ಸ್ಟಿಕರ್ ಅಂಟಿಸಿ ಎಲ್ಲ ಸಾಮಾನಿಗೂ ಬರೆಯುವಂತೆ ಬರೆದೆ. 'ಟ್ಯೂಬ್ ಲೀಕ್. ಸರಿ ಮಾಡಿದೆ.'

"ಸಿಕ್ತಾ?" ಅಂದಳು ಸವಿತಾ.

"ಟ್ಯೂಬ್ ಲೀಕ್ ಇತ್ತು."

"ಅದೇ ನೋಡಿ. ನಂಗೆ ಗೊತ್ತಿತ್ತು ಮೆಷಿನ್‌ದೇ ಅಂತ."

ಈ ಸುಳ್ಳು ಎಷ್ಟು ಸಣ್ಣದು ಅಂತ ಈಗಲೂ ನೋಡುತ್ತೇನೆ. ಯಾರಿಗೂ ತೊಂದರೆ ಮಾಡುವ ಸುಳ್ಳಲ್ಲ. ದಿನಕ್ಕೊಂದು ಹೇಳುವಂಥದ್ದು. ಗುಳ್ಳೆ ಬರಲಿಲ್ಲ, ಮೆಷಿನ್ ಸರಿಯಿದೆ ಅಂತ ಅಂದು ನಾನು ಹೇಳಿದ್ದರೆ ಅವಳು ಒಂದು ಕ್ಷಣ ಯೋಚಿಸುತ್ತಿದ್ದಳು. ಹನ್ನೊಂದು ವರ್ಷ ಊರೂರಿನ ಬಿಪಿ ನೋಡಿದವಳು. ಮೆಷಿನ್ ಸರಿಯಿದ್ದರೆ ಇನ್ನೂರ ಮೂವತ್ತೆಂಟು ಯಾರದ್ದು ಅಂತ ಅವಳೇ ಕೇಳಿಕೊಳ್ಳುತ್ತಿದ್ದಳು.

ಆಮೇಲೂ ಎರಡು ಸಲ ಹಾಗೇ ಬಂತು. ಇನ್ನೂರ ಹನ್ನೆರಡು. ಇನ್ನೂರ ಇಪ್ಪತ್ನಾಲ್ಕು. ಎರಡು ಸಲವೂ ಅವಳು ಮೆಷಿನ್ ತಂದು ನನ್ನ ಮುಂದೆ ಇಟ್ಟಳು. ಎರಡನೇ ಸಲ ನನಗೆ ಬೇಸರವೂ ಬಂದಿತ್ತು. ನನ್ನ ಕೆಲಸ ಸರಿಯಿಲ್ಲ ಅಂದಂತೆ ಆಗಿತ್ತು.

"ಕೈ ನಡುಗ್ತಾ ಇರುವಾಗ ಎಂತಕ್ಕೆ ನೋಡ್ತೀಯ? ಅಲ್ಲಾಡಿದ್ರೆ ತಪ್ಪೇ ತೋರಿಸೋದು. ನೀನೇ ಎಲ್ಲರಿಗೂ ಐದು ನಿಮಿಷ ಸುಮ್ನೆ ಕೂತ್ಕೊಳ್ಳಿ ಅಂತೀಯಲ, ನೀನೂ ಕೂತ್ಕೊ. ಸರಿಯಾದ ಮೇಲೆ ನೋಡು."

"ಅದೂ ಹೌದು" ಅಂದಳು.

ಅವತ್ತಿನಿಂದ ಅವಳು ಸರಿಯಾದ ಮೇಲೆ ನೋಡತೊಡಗಿದಳು. ಎಲ್ಲ ಸರಿಯೇ ಬರುತ್ತಿತ್ತು. ಹೀಗೆ ಇನ್ನೈದು ತಿಂಗಳು ಹೋಯಿತು.

ಗೊತ್ತಾಗಿದ್ದು ಕೊಪ್ಪದ ಮೀಟಿಂಗಿನಲ್ಲಿ. ಎಲ್ಲ ಆಶಾದವರೂ ಸೇರಿದ್ದರು. ಸವಿತಾ ಕೆಳಗಿಟ್ಟ ಫೈಲು ತೆಗೆಯಲು ಬಗ್ಗಿದಳಂತೆ. ಎದ್ದವಳು ಹಾಗೇ ಟೇಬಲ್ ಹಿಡಿದು ನಿಂತಳಂತೆ. ಅಲ್ಲಿದ್ದ ಹಿರಿಯ ನರ್ಸ್ ಒಬ್ಬರು ಕಾಯಲಿಲ್ಲ. ಐದು ನಿಮಿಷ ಕೂರಿಸಲಿಲ್ಲ. ಹಳೆಯ ಪಾದರಸದ ಮೆಷಿನ್ ತಂದು ಅಲ್ಲೇ ಕೈಯಲ್ಲಿ ಗಾಳಿ ಒತ್ತಿ ನೋಡಿದರು. ಇನ್ನೂರ ಐವತ್ತು. ನಂಬಿಕೆ ಬರದೆ ಇನ್ನೊಂದು ತೋಳಿಗೆ ಹಾಕಿದರು. ಅದೇ ಬಂತು. ಡಾಕ್ಟರನ್ನು ಕೂಗಿದರು.

ನನಗೆ ಫೋನು ಬಂದಾಗ ಹಮೀದಣ್ಣ ಅಂಗಡಿಯ ಬಾಗಿಲು ಹಾಕಿ ತಮ್ಮ ಓಮ್ನಿ ತೆಗೆದರು. ಕೊಪ್ಪ ಮುಟ್ಟುವವರೆಗೆ ಒಂದೇ ಮಾತು ಹೇಳಿದರು. "ನಾನು ಟೆನ್ಷನ್ ಅಂತಿದ್ನಲ ಮಾರಾಯ."

ಅಲ್ಲಿಂದ ಘಟ್ಟ ಇಳಿದು ದೊಡ್ಡ ಆಸ್ಪತ್ರೆಗೆ. ಇಪ್ಪತ್ನಾಲ್ಕು ಗಂಟೆಯ ಮೂತ್ರ ಒಂದು ಕ್ಯಾನಿನಲ್ಲಿ ಹಿಡಿದು ಕೊಡಲು ಹೇಳಿದರು. ಸಿಟಿ ಸ್ಕ್ಯಾನ್ ಆಯಿತು. ಎಡಗಡೆಯ ಕಿಡ್ನಿಯ ಮೇಲೆ ಒಂದು ಗಡ್ಡೆ. ಫಿಯೋಕ್ರೋಮೋಸೈಟೋಮಾ ಅಂದರು. ನಾನು ಅದನ್ನು ಚೀಟಿಯಲ್ಲಿ ಬರೆಸಿಕೊಂಡೆ. ಹೆಸರು ಹೇಳಲು ಬರಬೇಕು ಅನ್ನಿಸಿತು.

ಅಲ್ಲಿನ ಡಾಕ್ಟರು ನಿಧಾನದವರು. ರಿಪೋರ್ಟಿನ ಹಿಂಬದಿಯಲ್ಲಿ ಚಿತ್ರ ಬರೆದು ಹೇಳಿದರು. ಕಿಡ್ನಿಯ ಮೇಲೆ ಟೋಪಿಯ ಹಾಗೆ ಅಡ್ರಿನಲ್ ಅನ್ನುವ ಗ್ರಂಥಿ ಇರುತ್ತದೆ. ಅದರ ಒಳಗಿನ ಜೀವಕೋಶಗಳು ಒಂದು ರಸವನ್ನು ತಯಾರಿಸಿ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿಸಿ ಇಟ್ಟುಕೊಂಡಿರುತ್ತವೆ. ಹಾವು ಕಂಡರೆ, ನಾಯಿ ಅಟ್ಟಿಸಿಕೊಂಡು ಬಂದರೆ, ನರದಿಂದ ಸುದ್ದಿ ಬರುತ್ತದೆ. ಚೀಲ ಒಡೆದು ರಸ ರಕ್ತಕ್ಕೆ ಸೇರುತ್ತದೆ. ಎದೆ ಜೋರಾಗುತ್ತದೆ, ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಓಡುವುದಕ್ಕೆ ಅದು ಬೇಕು. ಓಡಿ ಆದ ಮೇಲೆ ನಿಲ್ಲುತ್ತದೆ.

"ಇವರ ಗಡ್ಡೆ ಅದೇ ಜೀವಕೋಶಗಳದ್ದು" ಅಂದರು. "ಅದಕ್ಕೆ ಸುದ್ದಿ ಬರೋದು ಬೇಕಾಗಿಲ್ಲ. ಬಗ್ಗಿದಾಗ ಹೊಟ್ಟೆ ಒತ್ತಿದ್ರೆ ಸಾಕು, ಸುರಿದುಬಿಡುತ್ತೆ. ಕೆಲವು ಸಲ ಏನೂ ಇಲ್ಲದೇನೂ."

"ಅವಳಿಗೆ ಟೆನ್ಷನ್ ಇರ್ಲಿಲ್ಲ ಡಾಕ್ಟ್ರೆ" ಅಂದೆ. ಯಾಕೆ ಹಾಗೆ ಹೇಳಿದೆನೋ.

"ಇರಬೇಕಾಗಿಲ್ಲ."

ಎಂಟು ತಿಂಗಳಲ್ಲಿ ಆ ಮಾತು ಹೇಳಿದವರು ಅವರೊಬ್ಬರೇ.

ಸವಿತಾ ಚಿತ್ರವನ್ನು ತಿರುಗಿಸಿ ನೋಡುತ್ತಿದ್ದಳು. "ಅಂದ್ರೆ ಹುಲಿ ಅಟ್ಟಿಸ್ಕೊಂಡು ಬಂದಂಗೆ ಆಗ್ತಿತ್ತು ನನ್ನ ಮೈಗೆ. ಹುಲಿ ಮಾತ್ರ ಇರ್ಲಿಲ್ಲ. ಅಲ್ದಾ?"

ಡಾಕ್ಟರು ನಕ್ಕರು. "ನಾನು ಇನ್ಮೇಲೆ ಎಲ್ಲರಿಗೂ ಹೀಗೇ ಹೇಳ್ತೀನಿ" ಅಂದರು.

ಗಡ್ಡೆ ತೆಗೆಯಬಹುದು. ಆದರೆ ತಕ್ಷಣ ತೆಗೆಯುವ ಹಾಗಿಲ್ಲ. ಕೈ ಮುಟ್ಟಿದರೆ ಸುರಿಯುವ ಗಡ್ಡೆ. ಮೊದಲು ಎರಡು ವಾರ ಮಾತ್ರೆ ಕೊಟ್ಟು ರಕ್ತನಾಳಗಳನ್ನು ಸಡಿಲ ಮಾಡಬೇಕು. ಉಪ್ಪು ಜಾಸ್ತಿ, ನೀರು ಜಾಸ್ತಿ. ಬಗ್ಗುವ ಹಾಗಿಲ್ಲ. ಆಮೇಲೆ ಎದೆಯ ಎಕೋ ಮಾಡಿದರು. ಹೃದಯದ ಪಂಪಿಂಗ್ ಕಡಿಮೆಯಿದೆ ಅಂದರು. ತಿಂಗಳುಗಟ್ಟಲೆ ಆ ರಸ ಬಿದ್ದು ಬಿದ್ದು ಹೃದಯದ ಸ್ನಾಯು ಸೋತಿದೆ. ಗಡ್ಡೆ ಹೋದರೆ ಎಷ್ಟೋ ಜನಕ್ಕೆ ಚೇತರಿಸುತ್ತದೆ.

ಎಷ್ಟೋ ಜನಕ್ಕೆ. ಆ ಮಾತನ್ನು ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಮೊದಲ ಕೆಲವು ದಿನ ಅಲ್ಲೇ ಇಟ್ಟುಕೊಂಡು, ಆಮೇಲೆ ಮನೆಗೆ ಕಳಿಸಿದರು. ಆ ಹತ್ತು ದಿನ ನನಗೆ ಚೆನ್ನಾಗಿ ನೆನಪಿದೆ. ಬಗ್ಗುವ ಕೆಲಸವೆಲ್ಲ ನಾನು ಮಾಡಿದೆ. ಒಂದು ಮನೆಯಲ್ಲಿ ಎಷ್ಟು ಬಗ್ಗುವುದಿರುತ್ತದೆ ಅಂತ ಆಗ ಗೊತ್ತಾಯಿತು. ಗುಡಿಸುವುದು, ಒರೆಸುವುದು, ಬಚ್ಚಲ ಒಲೆಗೆ ಕಟ್ಟಿಗೆ ಇಡುವುದು, ಅಕ್ಕಿ ಡಬ್ಬಿಯ ತಳದಿಂದ ತೆಗೆಯುವುದು. ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದಳು.

"ಮೂಲೆ ಬಿಟ್ರಿ. ಮೂಲೆ ಬಿಟ್ರಿ ನೋಡಿ. ನಿಮ್ಮ ರೇಡಿಯೋ ಒಳಗಿನ ಧೂಳು ಬ್ರಷ್ ಹಾಕಿ ತೆಗೀತೀರಿ, ಇಲ್ಲಿ ಕಾಣದಿಲ್ವಾ?"

ಮಾತ್ರೆಯಿಂದ ಅವಳ ಮೂಗು ಕಟ್ಟಿತ್ತು. ಎದ್ದು ನಿಂತರೆ ತಲೆ ತಿರುಗುತ್ತಿತ್ತು. ಅದು ಮಾತ್ರೆ ಕೆಲಸ ಮಾಡುವ ಲಕ್ಷಣ ಅಂದಿದ್ದರು. ಚೈತ್ರ ಕಾಲೇಜಿನಿಂದ ಬಂದವಳು ಅಮ್ಮನ ತಲೆ ಬಾಚುತ್ತಿದ್ದಳು. ಹಮೀದಣ್ಣನ ಹೆಂಡತಿ ಉಪ್ಪಿನ ಮಾವಿನಮಿಡಿ ಕಳಿಸಿದ್ದರು, ಡಾಕ್ಟರೇ ಉಪ್ಪು ತಿನ್ನಿ ಅಂದಿದ್ದಾರಲ್ಲ ಅಂತ. ಅವಳು ಅದನ್ನು ಚೀಪುತ್ತ ಕೂರುತ್ತಿದ್ದಳು. ದಿನಕ್ಕೆ ಮೂರು ಸಲ ಅದೇ ಮೆಷಿನ್‌ನಲ್ಲಿ ಬಿಪಿ ನೋಡಿ ಬರೆದಿಡುತ್ತಿದ್ದೆವು. ಸರಿಯಾಗಿ ತೋರಿಸುತ್ತಿತ್ತು. ಯಾವಾಗಲೂ ಸರಿಯಾಗಿಯೇ ತೋರಿಸಿತ್ತು.

ಒಂದು ದಿನ ಬರೆಯುವಾಗ ಅವಳು ಡಬ್ಬಿಯನ್ನು ಮಗುಚಿ ಹಿಂದಿನ ಸ್ಟಿಕರ್ ನೋಡಿದಳು.

"ಹಂಗಾದ್ರೆ ಅವತ್ತೂ ಮೆಷಿನ್ ಸರಿ ಇತ್ತು ಕಾಣ್ತದೆ."

"ಹ್ಞೂಂ."

"ಲೀಕ್ ಇತ್ತು ಅಂದ್ರಲ?"

"ಸಣ್ಣದಿತ್ತು" ಅಂದೆ.

ಅವಳು ನನ್ನನ್ನು ನೋಡಿದಳು. ಏನೋ ಹೇಳುವವಳಿದ್ದಳು, ಅಥವಾ ಇರಲಿಲ್ಲ. ನನಗೆ ಗೊತ್ತಿಲ್ಲ. "ಕುಡಿಯಕ್ಕೆ ನೀರು ಕೊಡಿ, ಮೂರು ಲೀಟರ್ ಆಗ್ಬೇಕಲ ಇವತ್ತು" ಅಂದಳು. ನಾನು ನೀರು ತರಲು ಎದ್ದೆ. ವಾಪಸು ಬಂದಾಗ ಹೇಳೋಣ ಅಂದುಕೊಂಡೆ. ಬಂದಾಗ ಚೈತ್ರ ಬಂದಿದ್ದಳು.

ಆಪರೇಷನ್ ನಾಲ್ಕು ಗಂಟೆ ನಡೆಯಿತು. ಚೆನ್ನಾಗಿ ಆಯಿತು ಅಂದರು. ಗಡ್ಡೆಯನ್ನು ಒಂದು ಸ್ಟೀಲಿನ ತಟ್ಟೆಯಲ್ಲಿ ಇಟ್ಟು ತೋರಿಸಿದರು. ಗಜನಿಂಬೆಯಷ್ಟಿತ್ತು. ಕೊಯ್ದ ಜಾಗದಲ್ಲಿ ಕಂದು ಬಣ್ಣ. ಅದನ್ನು ನೋಡಿ ಏನೂ ಅನ್ನಿಸಲಿಲ್ಲ.

ಗಡ್ಡೆ ಹೋದ ಮೇಲೆ ಬಿಪಿ ಕುಸಿಯುತ್ತದೆ ಅಂತ ಮೊದಲೇ ಹೇಳಿದ್ದರು. ಕುಸಿಯಿತು. ಏರಿಸಲು ಡ್ರಿಪ್ಪಿನಲ್ಲಿ ಔಷಧಿ ಕೊಟ್ಟರು. ಎರಡನೇ ದಿನ ಐಸಿಯು ಒಳಗೆ ಬಿಟ್ಟರು. ಕಣ್ಣು ಬಿಟ್ಟಿದ್ದಳು. ಗಂಟಲಿನಲ್ಲಿ ಟ್ಯೂಬು ಇದ್ದದ್ದರಿಂದ ಮಾತಿಲ್ಲ. ನಾನು ಕೈ ಹಿಡಿದೆ. ಬೆಚ್ಚಗಿತ್ತು. ಎಂಟು ತಿಂಗಳಿಂದ ತಣ್ಣಗಿನ ಕೈ ಹಿಡಿದು ಅಭ್ಯಾಸವಾಗಿತ್ತು. ಚೈತ್ರಳಿಗೆ ಫೋನು ಮಾಡಿ, "ಅಮ್ಮನ ಕೈ ಬಿಸಿ ಇದೆ" ಅಂದೆ.

ಮೂರನೇ ದಿನ ಬೆಳಿಗ್ಗೆ ಹೃದಯ ನಿಂತಿತು.

ಅರ್ಧ ಗಂಟೆ ಪ್ರಯತ್ನ ಮಾಡಿದರು. ಆಮೇಲೆ ಆ ನಿಧಾನದ ಡಾಕ್ಟರು ಹೊರಗೆ ಬಂದು ನನ್ನ ಪಕ್ಕ ಬೆಂಚಿನಲ್ಲಿ ಕೂತರು. ಹೃದಯಕ್ಕೆ ಶಕ್ತಿ ಉಳಿದಿರಲಿಲ್ಲ ಅಂದರು.

"ಐದು ತಿಂಗಳು ಮೊದ್ಲು ಬಂದಿದ್ರೆ?" ಅಂತ ಕೇಳಿದೆ.

"ಖಂಡಿತ ಅಂತ ಹೇಳಕ್ಕಾಗಲ್ಲ."

"ಆದ್ರೂ?"

"ಹೃದಯ ಇಷ್ಟು ಸೋತಿರ್ತಿರ್ಲಿಲ್ಲ."

ಕೇಳಿದ್ದು ನಾನೇ. ಸುಳ್ಳು ಹೇಳದೆ ಇದ್ದದ್ದಕ್ಕೆ ಅವರಿಗೆ ನಾನು ಕೃತಜ್ಞ.

ಆಂಬುಲೆನ್ಸಿನಲ್ಲಿ ಘಟ್ಟ ಹತ್ತಿದೆವು. ತಿರುವುಗಳಲ್ಲಿ ಅವಳು ಅಲ್ಲಾಡದಂತೆ ಹಿಡಿದುಕೊಂಡಿದ್ದೆ. ಕಾರ್ಯಗಳೆಲ್ಲ ಆದವು. ಯಾರು ಬಂದರು, ಯಾರು ಏನಂದರು, ನೆನಪಿಲ್ಲ. ನಾನು ಅಳಲಿಲ್ಲ ಅಂತ ಒಬ್ಬಿಬ್ಬರು ಮಾತಾಡಿಕೊಂಡರಂತೆ. ನನಗೂ ಅದು ವಿಚಿತ್ರ ಅನ್ನಿಸಿತು. ಹದಿನಾರನೇ ದಿನ ಅಂಗಡಿ ತೆರೆದೆ. ಯಾರದೋ ಮಿಕ್ಸಿ ಬಿಚ್ಚಿದೆ. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು.

ಅವಳ ಫೋನು ಮಾತ್ರ ನಿಲ್ಲಲಿಲ್ಲ. ಒಳಗಿನ ಊರುಗಳಿಗೆ ಸುದ್ದಿ ಮುಟ್ಟಿತ್ತು, ಆದರೂ ಬೆರಳು ಅದೇ ನಂಬರು ಒತ್ತುತ್ತಿತ್ತು.

"ಸವಿತಕ್ಕ, ಕೂಸಿಗೆ ಇಂಜೆಕ್ಷನ್ ಯಾವತ್ತು?"

"ನಾನು ಅವಳ ಗಂಡ."

"ಅಯ್ಯೋ, ಮರೆತೋಯ್ತು ಅಣ್ಣ" ಅನ್ನುತ್ತಿದ್ದರು. ನಾನು ಹೊಸದಾಗಿ ಬಂದವರ ನಂಬರು ಹೇಳುತ್ತಿದ್ದೆ.

ಆಸ್ಪತ್ರೆಯಿಂದ ಬರುವಾಗ ಡಾಕ್ಟರು ಒಂದು ಚೀಟಿ ಕೊಟ್ಟಿದ್ದರು. ಈ ಗಡ್ಡೆ ಕೆಲವು ಮನೆಗಳಲ್ಲಿ ತಾಯಿಯಿಂದ ಮಕ್ಕಳಿಗೂ ಬರಬಹುದು, ಮಗಳಿಗೆ ಪರೀಕ್ಷೆ ಮಾಡಿಸಿ ಅಂತ. ಆ ಚೀಟಿ ಎರಡು ತಿಂಗಳು ನನ್ನ ಅಂಗಿಯ ಜೇಬಿನಿಂದ ಅಂಗಿಯ ಜೇಬಿಗೆ ಹೋಯಿತು. ಒಂದು ದಿನ ಚೈತ್ರ ಅಂಗಿ ಒಗೆಯುವಾಗ ಸಿಕ್ಕಿತು. ಓದಿದಳು. "ಯಾವಾಗ ಹೋಗದು?" ಅಂದಳು. ಅಷ್ಟೇ.

ಅವಳೂ ಕ್ಯಾನಿನಲ್ಲಿ ಇಪ್ಪತ್ನಾಲ್ಕು ಗಂಟೆಯದ್ದು ಹಿಡಿದಳು. ಶಿವಮೊಗ್ಗದ ಲ್ಯಾಬಿಗೆ ಕೊಡಬೇಕಿತ್ತು. ಬಟ್ಟೆಯ ಚೀಲದಲ್ಲಿ ಹಾಕಿ ಬಸ್ಸಿನಲ್ಲಿ ಕಾಲಿನ ನಡುವೆ ಇಟ್ಟುಕೊಂಡಳು. ಕಂಡಕ್ಟರು ಟಿಕೆಟ್ ಕೊಡುತ್ತ ಬಗ್ಗಿ ನೋಡಿದ.

"ಎಂತ ಮಾರಾಯ್ತಿ ಅದು? ಜೇನುತುಪ್ಪವಾ?"

"ಹೌದು" ಅಂದಳು ಚೈತ್ರ. "ಬೇಕಾ?"

"ಶಿವಮೊಗ್ಗದಲ್ಲಿ ಮಾರೋದಾದ್ರೆ ನಂಗೊಂದು ಬಾಟ್ಲಿ ಇಟ್ಬಿಡು."

ಅವಳು ಕಿಟಕಿಯ ಕಡೆ ತಿರುಗಿದಳು. ಭುಜ ಅಲ್ಲಾಡುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. ಥೇಟ್ ಅವಳ ಅಮ್ಮ.

ರಿಪೋರ್ಟ್ ಬರಲು ಎರಡು ವಾರ ಅಂದರು. ಆ ಎರಡು ವಾರ ನಾನು ಮಗಳನ್ನು ಕದ್ದು ನೋಡುತ್ತಿದ್ದೆ. ಅವಳು ಬಗ್ಗಿ ಚಪ್ಪಲಿ ಹಾಕಿಕೊಂಡರೆ ಏಳುವವರೆಗೆ ಕಾಯುತ್ತಿದ್ದೆ. ಮೈ ಜಡವಾಗಿ ಹೋಗಿತ್ತು ಅಂದುಕೊಂಡಿದ್ದೆ. ಆ ದಿನಗಳಲ್ಲಿ ಮಾತ್ರ ಎದೆ ಹೊಡೆದುಕೊಳ್ಳುವುದು ನನಗೇ ಕೇಳಿಸುತ್ತಿತ್ತು. ನನ್ನ ಅಡ್ರಿನಲ್ ಗ್ರಂಥಿಗೆ ಸುದ್ದಿ ಮುಟ್ಟಿತ್ತು. ಅದು ಇರುವುದೇ ಅದಕ್ಕೆ.

ರಿಪೋರ್ಟ್ ತರಲು ಇಬ್ಬರೂ ಹೋದೆವು.

ನಾರ್ಮಲ್.

ಶಿವಮೊಗ್ಗದ ಡಾಕ್ಟರು ಎರಡೆರಡು ಸಲ ಓದಿ ಹೇಳಿದರು. ಬಿಪಿಯನ್ನೂ ನೋಡಿದರು, ಸರಿಯಿತ್ತು. ಆದರೆ ಒಮ್ಮೆ ನೋಡಿ ಬಿಡುವುದಲ್ಲ, ವರ್ಷಕ್ಕೊಂದು ಸಲ ಮಾಡಿಸುತ್ತಿರಿ ಅಂದರು.

ವಾಪಸು ಬರುವಾಗ ನರಸಿಂಹರಾಜಪುರದಲ್ಲಿ ಇಳಿದು ಬಸ್ಸು ಬದಲಾಯಿಸಬೇಕಿತ್ತು. ನಮ್ಮ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ. ಸ್ಟ್ಯಾಂಡಿನ ಕಲ್ಲುಬೆಂಚಿನಲ್ಲಿ ಕೂತೆವು. ಬಿಸಿಲು ಇಳಿಯುತ್ತಿತ್ತು. ಚೈತ್ರ ಬನ್ನು ತಿನ್ನುತ್ತಿದ್ದಳು. ಅವಳ ಕೈಯಲ್ಲಿ ರಿಪೋರ್ಟಿನ ಕವರು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಅನ್ನಿಸಿತು.

"ಅಮ್ಮನ ಬಿಪಿ ಮೆಷಿನ್ ರಿಪೇರಿ ಮಾಡಿದ್ನಲ" ಅಂದೆ. "ಅದ್ರಲ್ಲಿ ಲೀಕ್ ಇರ್ಲಿಲ್ಲ. ನೀರಲ್ಲಿ ಹಾಕಿ ನೋಡಿದ್ದೆ. ಸುಮ್ನೆ ಬರೆದಿದ್ದು. ಇಲ್ಲ ಅಂತ ಹೇಳಿದ್ರೆ ಅಮ್ಮ ಅವತ್ತೇ ಆಸ್ಪತ್ರೆಗೆ ಹೋಗ್ತಿದ್ಲು."

ಅವಳು ಅಗಿಯುವುದನ್ನು ನಿಲ್ಲಿಸಿದಳು. ನನ್ನ ಕಡೆ ನೋಡಲಿಲ್ಲ. ಎದುರಿಗೆ ಒಂದು ಬಸ್ಸು ರಿವರ್ಸ್ ಬರುತ್ತಿತ್ತು. ಅದು ನಿಲ್ಲುವವರೆಗೆ ಇಬ್ಬರೂ ನೋಡಿದೆವು.

"ಅಮ್ಮಂಗೆ ಹೇಳಿದ್ಯಾ?"

"ಇಲ್ಲ."

ಬೈಯುತ್ತಾಳೆ ಅಂದುಕೊಂಡೆ. ಬೈದರೆ ಒಳ್ಳೆಯದು ಅನ್ನಿಸಿತು.

"ನಾನೂ ಹೇಳಿಲ್ಲ" ಅಂದಳು. "ಒಂದ್ಸಲ ಅಮ್ಮ ನನ್ನೆದುರೇ ಬಿದ್ದಿದ್ಲು ಅಪ್ಪ. ಒಗೆಯೋ ಕಲ್ಲಿನ ಹತ್ರ. ಎರಡು ನಿಮಿಷ ಎಚ್ಚರ ಇರ್ಲಿಲ್ಲ. ಎದ್ದು, ಅಪ್ಪಂಗೆ ಹೇಳ್ಬೇಡ, ಸುಮ್ನೆ ಗಾಬರಿ ಆಗ್ತಾರೆ ಅಂದ್ಲು. ನಾನು ಸರಿ ಅಂದೆ. ಅವತ್ತು ಕಾಲೇಜಲ್ಲಿ ಟೆಸ್ಟ್ ಇತ್ತು. ಬಸ್ಸಿಗೆ ಹೋದೆ."

ನನಗೆ ಗೊತ್ತೇ ಇರಲಿಲ್ಲ. ಇಷ್ಟು ದಿನ ಒಂದೇ ಮನೆಯಲ್ಲಿ, ಒಂದೇ ಒಲೆಯ ಅನ್ನ ಉಂಡುಕೊಂಡು, ಇಬ್ಬರೂ ಒಂದೊಂದನ್ನು ಹೊತ್ತುಕೊಂಡು ಕೂತಿದ್ದೆವು. ನಾನೊಬ್ಬನೇ ಅಂದುಕೊಂಡಿದ್ದೆ. ಅವಳು ಹದಿನೇಳು ವರ್ಷದವಳು, ಅವಳೂ ಹಾಗೇ ಅಂದುಕೊಂಡಿದ್ದಳು.

"ನಿಂದಲ್ಲ ಅದು" ಅಂದೆ. "ನೀನು ಮಗು."

"ನಿಂದು?"

ನಂದೂ ಅಲ್ಲ ಅಂತ ಅವಳು ಹೇಳಲಿಲ್ಲ. ಹೇಳದೆ ಇದ್ದದ್ದು ಒಳ್ಳೆಯದಾಯಿತು. ಬನ್ನಿನ ಉಳಿದರ್ಧ ನನ್ನ ಕೈಗೆ ಕೊಟ್ಟಳು. ತಿಂದೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಅಂತ ಆಗ ಗೊತ್ತಾಯಿತು.

ಬಸ್ಸು ಬಂತು. ಸೀಟು ಇತ್ತು. ಕೊಪ್ಪ ಬರುವಷ್ಟರಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಕವರು ಜಾರಿ ಬೀಳುವುದರಲ್ಲಿತ್ತು, ನಾನು ತೆಗೆದು ಜೇಬಿಗೆ ಹಾಕಿಕೊಂಡೆ. ಅವಳ ಉಸಿರು ಏಕಪ್ರಕಾರವಾಗಿ ಬರುತ್ತಿತ್ತು. ಎಣಿಸಬೇಕು ಅನ್ನಿಸಲಿಲ್ಲ.

ಮುಂದಿನ ವರ್ಷ ಮತ್ತೆ ಕ್ಯಾನು ಹಿಡಿದುಕೊಂಡು ಹೋಗಬೇಕು. ಅದರ ಮುಂದಿನ ವರ್ಷವೂ. ಹೋಗುತ್ತೇವೆ.